ಹಡಗು, ಕಳ್ಳರು ಮತ್ತು ನಮ್ಮ ಮಾವನ ಗೇಟ್ ಪಾಸು

ಬೇರೆಯವರ ಮನೇಲಿ ಜಗಳ ಆಗೋದು ಸೈಟಿಗೆ, ಚಿನ್ನಕ್ಕೆ, ಹೆಚ್ಚೆಂದರೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ. ಜನ್ನಾಪುರದ ನಮ್ಮ ಮನೇಲಿ ಮಾತ್ರ ಆಕಾಶದಲ್ಲಿ ಓಡಾಡೋ ಸಾಮಾನು ಹಡಗಿಗೋಸ್ಕರ ಜಗಳ ಆಗುತ್ತೆ. ಇಂಥದ್ದೆಲ್ಲ ಅಡ್ರೆಸ್ ಕೇಳ್ಕೊಂಡು ನಮ್ಮ ಮನೆಗೇ ಯಾಕೆ ಬರುತ್ತೋ ಆ ದೇವರಿಗೇ ಗೊತ್ತು. ನಾನು ಈ ಮನೆ ಸೊಸೆ. ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳ್ಕೊಡ್ತೀನಿ, ಸಂಜೆ ಮನೆಗೆ ಬಂದು ಮಾವ ಹೇಳೋ ವಿಜ್ಞಾನ ಕೇಳ್ತೀನಿ.

ಕಳ್ಳರಿಗೆ ಆಶೀರ್ವಾದ

ನಮ್ಮ ಮಾವ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಇದ್ದವರು. ಗೇಟ್ ಪಾಸಿನ ಮೇಲೆ ಅವರ ಸಹಿ ಇಲ್ಲದೆ ಒಂದು ಬೋಲ್ಟೂ ಗೇಟು ದಾಟ್ತಿರಲಿಲ್ಲವಂತೆ. ರಿಟೈರ್ ಆದವರು ಬಾಯಿಗೇ ಬೀಗ ಹಾಕ್ಕೊಂಡುಬಿಟ್ಟರು. ಕಾಫಿ ಬೇಕಾ ಅಂದ್ರೆ ತಲೆ ಅಲ್ಲಾಡಿಸೋರು, ಅದು ಹೌದೋ ಅಲ್ಲವೋ ನಾವೇ ಊಹಿಸ್ಕೋಬೇಕು. ಅತ್ತೆ ಅಡುಗೆಮನೇಲಿ ಸೆರಗಿನಿಂದ ಕಣ್ಣು ಒರೆಸ್ಕೊಂಡು, "ಬೈದ್ರೂ ಪರವಾಗಿಲ್ಲ ಕಣೇ, ಏನಾದ್ರೂ ಮಾತಾಡ್ಲಿ" ಅನ್ನೋರು. ನನಗೂ ಒಳಗೊಳಗೇ ಹೆದರಿಕೆ. ಒಬ್ಬ ಮನುಷ್ಯ ಇದ್ದೂ ಇಲ್ಲದ ಹಾಗೆ ಮೂಲೇಲಿ ಕೂತಿರೋದನ್ನ ದಿನಾ ನೋಡೋದು ಸುಲಭ ಅಲ್ಲ.

ಒಂದು ಶುಕ್ರವಾರ ಸಂಜೆ ನಾನು ಟಿವೀಲಿ ಒಂದು ಹೊಸ ಸರಣಿ ಹಾಕಿದೆ. ಕನ್ನಡಕ್ಕೆ ಡಬ್ ಆಗಿದ್ದು. ನಕ್ಷತ್ರದಿಂದ ನಕ್ಷತ್ರಕ್ಕೆ ಸಾಮಾನು ಸಾಗಿಸೋ ಹಡಗುಗಳು, ದಾರೀಲಿ ಹೊಂಚು ಹಾಕೋ ಕಳ್ಳರು. ಹಡಗಿನ ಕ್ಯಾಪ್ಟನ್ "ಎಲೈ ದುರುಳರಿರಾ, ನಿಲ್ಲಿ!" ಅಂತ ಕಂಪನಿ ನಾಟಕದ ಕನ್ನಡ ಮಾತಾಡ್ತಿದ್ದ. ದುರುಳರು ನಿಲ್ಲಲಿಲ್ಲ. ಕಂಟೇನರುಗಳನ್ನ ಸಾಲಾಗಿ ಎಳ್ಕೊಂಡು ಹೊರಟೇಬಿಟ್ಟರು.

ಆಗ ಮೂಲೆಯಿಂದ ಒಂದು ಗರ್ಜನೆ. "ಗೇಟ್ ಪಾಸ್ ಎಲ್ಲಿ?"

ಅತ್ತೆ ಹಿಸುಕ್ತಿದ್ದ ಅವರೆಕಾಳು ಅಷ್ಟೂ ನೆಲದ ಮೇಲೆ ಚೆಲ್ಲಿಹೋಯ್ತು. "ಏನಂದ್ರಿ?"

"ಅಷ್ಟು ಮಾಲು ಹೊರಗೆ ಹೋಗ್ತಿದೆ, ಒಬ್ಬನಾದ್ರೂ ಗೇಟ್ ಪಾಸ್ ಕೇಳಿದ್ನಾ? ಯಾವನು ಆ ಹಡಗಿನ ಸ್ಟೋರ್‌ಕೀಪರು?"

ಅತ್ತೆ ಎದ್ದು ದೇವರ ಮನೆಗೆ ಹೋದರು. ದೀಪ ಹಚ್ಚಿ, ಗಟ್ಟಿಯಾಗಿ, ನಮಗೆಲ್ಲ ಕೇಳೋ ಹಾಗೆ ಬೇಡ್ಕೊಂಡರು: "ಅಪ್ಪಾ ತಂದೆ, ಆ ಕಳ್ಳರನ್ನ ನೂರು ವರ್ಷ ಚೆನ್ನಾಗಿಟ್ಟಿರಪ್ಪ."

ಹಾಜರ್

ಮುಂದಿನ ಶುಕ್ರವಾರ ಮಾವ ತಾವಾಗೇ ಫೋನು ಮಾಡಿ ಹಳೇ ಗೆಳೆಯರೊಬ್ಬರನ್ನ ಕರೆಸ್ಕೊಂಡರು. ಅದೇ ಕಾರ್ಖಾನೇಲಿ ಕ್ರೇನ್ ಓಡಿಸ್ತಿದ್ದವರು, ನಮ್ಮ ಹಿಂದಿನ ಬೀದಿಯವರು. ಮನೇಲಿ ತಮಿಳು, ನಮ್ಮ ಜಗಲೀಲಿ ಕನ್ನಡ. ಮಾವ ಅವರನ್ನ ಕರೆಯೋದು "ಕ್ರೇನು" ಅಂತ, ಅವರು ಮಾವನ್ನ "ಸ್ಟೋರು" ಅಂತ. ಹೆಸರು ಹಿಡಿದು ಕರೆದಿದ್ದನ್ನ ನಾನು ಕೇಳೇ ಇಲ್ಲ. ಹಾಗಾಗಿ ನನಗೂ ಅವರು ಕ್ರೇನ್ ಮಾವ.

ಕಾರ್ಖಾನೇಲಿ ಒಂದು ಪದ್ಧತಿ ಇತ್ತಂತೆ. ಮುಂದಿನ ಶಿಫ್ಟಿನವನು, ಅಂದ್ರೆ ರಿಲೀವರ್, ಬಂದು ನಿಲ್ಲೋ ತನಕ ಯಾರೂ ಜಾಗ ಬಿಟ್ಟು ಕದಲೋ ಹಾಗಿಲ್ಲ. ಇಬ್ಬರೂ ಅದನ್ನ ಸೋಫಾದ ಮೇಲೂ ಪಾಲಿಸ್ತಿದ್ದರು. ಮಾವ ಬಚ್ಚಲಿಗೆ ಎದ್ದರೆ "ಕ್ರೇನು, ಚಾರ್ಜ್ ತಗೋ" ಅನ್ನೋರು. ವಾಪಸ್ ಬಂದ ಕೂಡಲೇ ಕ್ರೇನ್ ಮಾವ ವರದಿ ಒಪ್ಪಿಸೋರು: "ಹಡಗು ಹಾಗೇ ಇದೆ. ಕಳ್ಳರು ಎಡಗಡೆ ಇದ್ದಾರೆ. ಕ್ಯಾಪ್ಟನ್ ಯಾಕೋ ಊಟ ಮಾಡಿಲ್ಲ."

ಈ ಸರಣಿಯ ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪು ಇತ್ತು. ಎಲ್ಲ ಹುಡುಗರೇ. ನಾನೇ ಇಬ್ಬರನ್ನೂ ಸೇರಿಸಿದೆ, ನನ್ನ ಗ್ರಹಚಾರ. ಮಾವ ಮೊದಲ ದಿನವೇ ಗೇಟ್ ಪಾಸಿನ ಬಗ್ಗೆ ಮೊಳದುದ್ದ ಬರೆದರು. ಒಬ್ಬ ಹುಡುಗ, "ಅಂಕಲ್, ಅದು ಬಾಹ್ಯಾಕಾಶ" ಅಂದ. ಮಾವ, "ಆಕಾಶವಾದ್ರೇನು, ಸಾಮಾನಿಗೆ ಹೇಳೋರು ಕೇಳೋರು ಬೇಡ್ವೇನಪ್ಪ?" ಅಂದರು. ಹುಡುಗರಿಗೆ ಖುಷಿಯೋ ಖುಷಿ. "ಅಂಕಲ್ಲೇ ಅಡ್ಮಿನ್ ಆಗ್ಲಿ" ಅಂತ ಪಟ್ಟ ಕಟ್ಟಿಬಿಟ್ಟರು.

ಪಾಪ, ಮಾವ ಅದನ್ನ ನಿಜವಾದ ಕೆಲಸ ಅಂದ್ಕೊಂಡರು. ದಿನಾ ಬೆಳಿಗ್ಗೆ ಎಲ್ಲರೂ "ಹಾಜರ್" ಅಂತ ಹಾಕಬೇಕು ಅಂತ ಆರ್ಡರ್ ಆಯ್ತು. ಹಾಕದೇ ಇದ್ದವರನ್ನ ಮುಲಾಜಿಲ್ಲದೆ ಗುಂಪಿನಿಂದ ತೆಗೆದರು. ಹಾಗೇ ವಾರ ಕಳೀತು. ಕೊನೆಗೆ ಗುಂಪಿನಲ್ಲಿ ಉಳಿದವರು ಇಬ್ಬರೇ, ಒಂದೇ ಸೋಫಾದ ಮೇಲೆ ಕೂತವರು. "ನೋಡಿದ್ಯಾ ಕ್ರೇನು," ಅಂದರು ಮಾವ, "ಈಗ ಶಿಸ್ತು ಬಂತು."

ಸರ್ಕಾರಿ ಸಿಂಹ

ಒಂದು ಭಾನುವಾರ ಇಬ್ಬರನ್ನೂ ಅತ್ತೆಯನ್ನೂ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರ್ಕೊಂಡು ಹೋದೆ. ಜಾಲರಿ ಹಾಕಿದ ವ್ಯಾನಿನ ಪಕ್ಕದಲ್ಲೇ ಒಂದು ಸಿಂಹ ಮಲಗಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ರೆ ಇವರಿಬ್ಬರದ್ದು ಬೇರೆಯೇ ಪ್ರಪಂಚ.

"ಈ ಸಿಂಹದ ಥರಾನೇ ಆ ಕಳ್ಳರು. ಹೊತ್ತು ಹೊತ್ತಿಗೆ ಊಟ ಹಾಕಿದ್ರೆ ಹಡಗು ಯಾಕೆ ದೋಚ್ತಾರೆ?" ಅಂದರು ಕ್ರೇನ್ ಮಾವ.

"ಇದು ಸರ್ಕಾರಿ ಸಿಂಹ ಮಾರಾಯ. ಕಳ್ಳರಿಗೇನು ಸಂಬಳ ಇದ್ಯಾ, ಪೆನ್ಶನ್ ಇದ್ಯಾ?"

"ಅದನ್ನೇ ಹೇಳ್ತಿರೋದು! ಪೆನ್ಶನ್ ಇದ್ದಿದ್ರೆ ಕಳ್ಳರಾಗ್ತಿರಲಿಲ್ಲ!"

ದನಿ ಏರ್ತಾ ಹೋಯ್ತು. ಸಿಂಹ ಒಂದು ಕಣ್ಣು ಬಿಟ್ಟು ನೋಡ್ತು, ಎದ್ದು ಮೈ ಕೊಡವಿತು, ಪೊದೆ ಹಿಂದಕ್ಕೆ ಹೋಗಿ ಮಲಗ್ತು. ವ್ಯಾನಿನ ಡ್ರೈವರು ಹಿಂದೆ ತಿರುಗಿ ಕೈ ಮುಗಿದ. "ಯಜಮಾನ್ರೇ, ಪ್ರಾಣಿಗಳಿಗೆ ತೊಂದರೆ ಕೊಡಬಾರದು ಅಂತ ಬೋರ್ಡ್ ಹಾಕಿದ್ದಾರೆ."

ಒಂದು ಬೋಲ್ಟು

ನಗೋದೆಲ್ಲ ನಕ್ಕಾಯ್ತು, ಈಗ ನಗು ಬರದೇ ಇರೋದನ್ನೂ ಹೇಳ್ಬೇಕು. ಸರಣಿ ಮುಗಿಯೋಕೆ ಬಂದಿತ್ತು. ಕಳ್ಳರು ಹಡಗಿನ ಇಂಜಿನಿಯರನ್ನ ಹಿಡ್ಕೊಂಡರು. ಅವನು ಕ್ಯಾಪ್ಟನ್ನಿನ ಜೀವದ ಗೆಳೆಯ. ಕ್ಯಾಪ್ಟನ್ ಅವನನ್ನ ಬಿಡಿಸ್ಕೊಳ್ಳೋಕೆ ಇಡೀ ಹಡಗಿನ ಮಾಲನ್ನ ಕಳ್ಳರಿಗೆ ಒಪ್ಪಿಸಿಬಿಟ್ಟ.

"ಹೇಡಿ! ಕೊನೇ ಕಂತಲ್ಲಿ ತಪ್ಪಾಯ್ತು ಅಂತ ಒಪ್ಕೋತಾನೆ, ನೋಡ್ತಿರು" ಅಂದರು ಮಾವ.

"ಮಾಲು ಇವತ್ತಲ್ಲ ನಾಳೆ ತುಂಬಿಸಬಹುದು ಸ್ಟೋರು. ಮನುಷ್ಯನ್ನ ಎಲ್ಲಿಂದ ತರ್ತೀಯಾ? ಅವನು ಮಾಡಿದ್ದೇ ಸರಿ."

"ಸರಿಯಂತೆ ಸರಿ!"

ಕ್ರೇನ್ ಮಾವ ಕಾಫಿ ಲೋಟ ಕೆಳಗಿಟ್ಟರು. ದನಿ ಸಣ್ಣದಾಗಿತ್ತು. "ಅಲ್ಲಿ ಸಿಕ್ಕಿಹಾಕ್ಕೊಂಡಿದ್ದು ನಾನಾಗಿದ್ರೆ? ಆಗ್ಲೂ ಬಿಡ್ತಿರಲಿಲ್ವಾ?"

ಮಾವ ಹಠಕ್ಕೆ ಬಿದ್ದಿದ್ದರು. "ಗೇಟ್ ಪಾಸ್ ಇಲ್ದೆ ನಿನಗೋಸ್ಕರ ಒಂದು ಬೋಲ್ಟೂ ಬಿಡಲ್ಲ."

ಕ್ರೇನ್ ಮಾವ ಎದ್ದರು, ಚಪ್ಪಲಿ ಮೆಟ್ಟಿದರು, ಹೋದರು. ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಮಾವ ಟಿವಿ ಮುಟ್ಟಲಿಲ್ಲ, ಮತ್ತೆ ಮೂಲೆ ಸೇರಿದರು. ಕಾಫಿ ಬೇಕಾ ಅಂದ್ರೆ ಮತ್ತೆ ಅದೇ ತಲೆ ಅಲ್ಲಾಡಿಸೋದು. ಇಷ್ಟು ಕಷ್ಟಪಟ್ಟು ಬಂದ ಮಾತು ಒಂದು ಬೋಲ್ಟಿಗೆ ಹೋಯ್ತಲ್ಲ! ಅತ್ತೆ ಮಾತ್ರ ಬಾಯಿ ಮುಚ್ಚಿಕೊಂಡಿರಲಿಲ್ಲ. "ಹೀಗಾಗುತ್ತೆ ಅಂತ ಗೊತ್ತಿದ್ರೆ ಆ ಕಳ್ಳರಿಗೆ ಅಂತ ದೀಪಕ್ಕೆ ಹಾಕಿದ ಎಣ್ಣೆನಾದ್ರೂ ಉಳೀತಿತ್ತು" ಅಂದರು.

ರಿಲೀವರ್

ಅದೇ ಹೊತ್ತಿಗೆ ಮಾವನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಸ್ವಲ್ಪ ದಿನ ಟಿವಿ ಬೇಡ ಅಂದರು ಡಾಕ್ಟರು. ಕದ್ದು ನೋಡಿಬಿಟ್ಟಾರು ಅಂತ ಅತ್ತೆ ಟಿವಿಗೆ ಬೆಡ್‌ಶೀಟ್ ಹೊದಿಸಿಟ್ಟರು. ಕೊನೇ ಕಂತು ಆ ಶುಕ್ರವಾರವೇ ಬರೋದಿತ್ತು.

ನನಗೆ ತಡೆಯೋಕಾಗಲಿಲ್ಲ. ಬಸ್ ಸ್ಟಾಪಿನಲ್ಲಿ ಕ್ರೇನ್ ಮಾವನ್ನ ಹಿಡಿದು ಹೇಳಿದೆ. "ಮಾವನಿಗೆ ಕಣ್ಣಿನ ಆಪರೇಷನ್ ಆಗಿದೆ. ಶುಕ್ರವಾರ ಹಡಗು ನೋಡ್ಕೊಳ್ಳೋಕೆ ರಿಲೀವರ್ ಇಲ್ಲ." ಅವರು ಬಂದ ಬಸ್ಸು ಹತ್ತಿ ಹೋದರು.

ಶುಕ್ರವಾರ ಸಂಜೆ ಗೇಟಿನ ಚಿಲಕ ಸದ್ದಾಯ್ತು. ಕಪ್ಪು ಕನ್ನಡಕ ಹಾಕ್ಕೊಂಡು ಕೂತಿದ್ದ ಮಾವ "ಯಾರು?" ಅಂದರು.

"ಸೆಕೆಂಡ್ ಶಿಫ್ಟು," ಅಂತ ಬಾಗಿಲಿಂದಲೇ ಉತ್ತರ ಬಂತು. "ಚಾರ್ಜ್ ಕೊಡು."

ಮಾವ ಸೋಫಾದಲ್ಲಿ ಪಕ್ಕಕ್ಕೆ ಸರಿದು ಕೂತರು, ಅಷ್ಟೇ. ಕ್ರೇನ್ ಮಾವ ನನ್ನ ಫೋನು ಇಸ್ಕೊಂಡು ಇಯರ್‌ಫೋನ್ ಹಾಕ್ಕೊಂಡರು. "ಬಾಂಬಿನ ಸದ್ದು ಆಪರೇಷನ್ ಆದ ಕಣ್ಣಿಗೆ ಒಳ್ಳೇದಲ್ಲ" ಅಂದರು. ಯಾವ ಡಾಕ್ಟರು ಹೇಳಿದ್ರೋ! ಆಮೇಲೆ ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳ್ತಾ ಹೋದರು. ನಾನು ಹಿಂದೆ ನಿಂತು ಫೋನನ್ನೇ ನೋಡ್ತಿದ್ದೆ.

ಕೊನೇ ದೃಶ್ಯ ಬಂತು. ಹಡಗಿನ ಒಡೆಯರ ಮುಂದೆ ಕ್ಯಾಪ್ಟನ್ ನಿಂತಿದ್ದಾನೆ. ಬಿಡಿಸ್ಕೊಂಡು ಬಂದ ಇಂಜಿನಿಯರ್ ಓಡಿ ಬಂದು ಅವನನ್ನ ಬಿಗಿಯಾಗಿ ತಬ್ಬಿಕೊಂಡ. ಒಡೆಯರೂ ಸೇರಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕ್ರೇನ್ ಮಾವನ ಮಾತೇ ಗೆದ್ದಿತ್ತು.

"ಏನಾಯ್ತೋ?" ಅಂದರು ಮಾವ.

ಕ್ರೇನ್ ಮಾವ ಗಂಟಲು ಸರಿ ಮಾಡ್ಕೊಂಡರು. "ಕ್ಯಾಪ್ಟನ್ ತಲೆ ತಗ್ಗಿಸಿ ನಿಂತಿದ್ದಾನೆ ಸ್ಟೋರು. ಮಾಲು ಬಿಟ್ಟಿದ್ದು ನನ್ನದೇ ತಪ್ಪು ಅಂತಿದ್ದಾನೆ. ಎಲ್ಲರೂ ಛೀ ಥೂ ಅಂತಿದ್ದಾರೆ. ನೀನೇ ಗೆದ್ದೆ."

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಿ ಬೇಡಮ್ಮ ಅನ್ನೋ ಹಾಗೆ ಕೈ ಆಡಿಸಿದರು. ಮಾವ ಮಾತ್ರ "ನಾನು ಹೇಳಿರಲಿಲ್ವಾ!" ಅಂತ ತೊಡೆ ತಟ್ಟಿದರು. ಆವತ್ತು ಎರಡು ಲೋಟ ಕಾಫಿ ಕೇಳಿ ಕುಡಿದರು, ಬಾಯಿ ಬಿಟ್ಟು ಕೇಳಿ.

ಕಣ್ಣು ವಾಸಿಯಾದ ಮೇಲೆ, ತಮ್ಮ ಗೆಲುವನ್ನ ಕಣ್ಣಾರೆ ನೋಡ್ಬೇಕು ಅಂತ ಅವರೇ ಆ ಕಂತು ಹಾಕಿಸಿದರು. ನಾನು ಎಷ್ಟೋ ನೆಪ ಹೇಳಿದೆ, ಕೇಳಲಿಲ್ಲ. ಇಂಜಿನಿಯರ್ ಬಂದು ತಬ್ಬಿಕೊಂಡ, ಎಲ್ಲರೂ ಚಪ್ಪಾಳೆ ತಟ್ಟಿದರು, ಮುಗೀತು. ಮಾವ ಅಲ್ಲಾಡದೆ ಕೂತಿದ್ದರು. ಮತ್ತೆ ಬಾಯಿಗೆ ಬೀಗ ಬಿತ್ತಲ್ಲಪ್ಪ ಅಂದ್ಕೊಂಡೆ.

ಅವರು ನನ್ನ ಕಡೆ ತಿರುಗಿ ಕೇಳಿದರು. "ಇದನ್ನ ನೋಡ್ತಾನೇ ಅವನು ಹಾಗೆ ಹೇಳಿದ್ನಾ?"

"ಹೂಂ ಮಾವ."

"ಇವನೂ ಮಾಲು ಬಿಟ್ಟ, ನನ್ನ ಹಿಡ್ಕೊಂಡ. ಬಡ್ಡೀಮಗ." ಹೊಸ ಕಣ್ಣಲ್ಲಿ ನೀರು ತುಂಬಿ ಹರೀತಿತ್ತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಅಳಬೇಡ್ರೀ, ಹಾಕಿರೋ ಲೆನ್ಸು ಕೊಚ್ಚಿಕೊಂಡು ಹೋದೀತು!"

ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯ್ತು. ಮಾವ ಗಡಿಬಿಡಿಯಲ್ಲಿ ಟಿವಿ ಆರಿಸಿ, ಕಣ್ಣು ಒರೆಸ್ಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಕೂತರು. ಕ್ರೇನ್ ಮಾವ ಬಂದು ಪಕ್ಕದಲ್ಲಿ ಕೂತ ಮೇಲೆ ಕೇಳಿದರು. "ಕ್ರೇನು, ಹಡಗಿನ ವಿಷಯದಲ್ಲಿ ನಾನೇ ತಾನೇ ಗೆದ್ದಿದ್ದು?"

"ನೀನೇ ಮಾರಾಯ. ಅದರಲ್ಲೇನು ಸಂಶಯ?"

ಮಾವ ಆರಿದ ಟಿವಿ ಕಡೆ ಕೈ ತೋರಿಸಿದರು. "ಆದ್ರೂ ಅಲ್ಲಿ ಸಿಕ್ಕಿಹಾಕ್ಕೊಂಡಿದ್ದು ನೀನಾಗಿದ್ರೆ," ಅಂದರು, "ಇಡೀ ಹಡಗಿಗೆ ಗೇಟ್ ಪಾಸ್ ನಾನೇ ಬರ್ಕೊಡ್ತಿದ್ದೆ."