ಹತ್ತು ಯೂರೋ ದಾಟಿದ ರಸ್ಕು

ಹುಸಿ ಏರಿಕೆ ಎಂದರೇನು ಎಂಬ ವಿಷಯದಲ್ಲಿ ಡೌವೆಯಷ್ಟು ಚೆನ್ನಾಗಿ ಮಾತಾಡಬಲ್ಲವರು ಇಡೀ ಹಾರ್ಲಿಂಗೆನ್ ಊರಿನಲ್ಲಿ ಇರಲಿಲ್ಲ. ಪಾಪ, ಕೇಳುವವರೂ ಇರಲಿಲ್ಲ. ಹಾಗಾಗಿ ಅವನು ಅತ್ತೆಯ ಹುಟ್ಟುಹಬ್ಬಕ್ಕೇ ಕಾದು ಕೂತಿರುತ್ತಿದ್ದ. ಅಂದು ನೆಂಟರೆಲ್ಲ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ತಲೆಗೊಂದು ತುಂಡು ಕೇಕು ಹಿಡಿದು ಕೂರುತ್ತಾರೆ. (ಎರಡನೇ ತುಂಡು ಕೇಳುವ ಧೀರ ಇನ್ನೂ ಹುಟ್ಟಿಲ್ಲ.) ಮಧ್ಯದಲ್ಲಿ ಎದ್ದು ಹೋಗುವುದು ಮರ್ಯಾದೆಯಲ್ಲ. ಉಪನ್ಯಾಸಕ್ಕೆ ಇಂಥ ಮಹಾಸಭೆ ಇನ್ನೆಲ್ಲಿ ಸಿಗಬೇಕು?

“ನೋಡಿ, ಷೇರಿನ ಬೆಲೆ ಇಷ್ಟು ದಿನ ದಾಟದೇ ಇದ್ದ ಗೆರೆ ದಾಟಿ ಟಣ್ಣಂತ ಮೇಲೆ ಹಾರತ್ತೆ. ದಡ್ಡರು ಓಡಿ ಬಂದು ಕೊಳ್ತಾರೆ. ಜಾಣರು ಅವರ ತಲೆಗೇ ಕಟ್ಟಿ ಜಾಗ ಖಾಲಿ ಮಾಡ್ತಾರೆ. ಆಮೇಲೆ ಬೆಲೆ ದೊಪ್ಪಂತ ಕೆಳಗೆ!”

“ನಮ್ಮೂರ ರಸ್ಕು ಕಾರ್ಖಾನೆ ಷೇರು ಹೆಂಗಪ್ಪಾ?” ಎಂದಳು ಹಿಲ್ಲೆ ಚಿಕ್ಕಮ್ಮ.

“ಗಟ್ಟಿ ಮಾಲು. ಈಗ ಎಂಟು ಯೂರೋ. ಹತ್ತು ದಾಟ್ಲಿ, ಕಾರವಾನ್‌ಗೆ ಇಟ್ಟಿರೋ ದುಡ್ಡೆಲ್ಲ ಅದಕ್ಕೇ ಹಾಕ್ತೀನಿ!”

ಹೆಂಡತಿ ರೆನ್ಸ್ಕೆ ಕಾಫಿ ಬಟ್ಟಲನ್ನು ಟಪ್ಪನೆ ಕೆಳಗಿಟ್ಟಳು. ಕಾರಿನ ಹಿಂದೆ ಎಳೆದೊಯ್ಯುವ ಆ ಗಾಲಿಮನೆ ಕೊಳ್ಳಲೆಂದು, ಬೇಸಿಗೆ ರಜೆಯನ್ನೆಲ್ಲ ಸೋರುವ ಡೇರೆಯಲ್ಲಿ ಕಳೆದು ಅವಳು ಕೂಡಿಸಿದ ದುಡ್ಡು ಅದು.

“ಅದನ್ನ ಮುಟ್ಟಿದ್ರೆ ನೋಡು!”

“ನಿಂಗೆ ಮಾರುಕಟ್ಟೆ ಅರ್ಥ ಆಗಲ್ಲ ಬಿಡೆ.”

ವಾರ ಕಳೆಯುವಷ್ಟರಲ್ಲಿ, ವರ್ಷಗಟ್ಟಲೆ ಮಲಗಿದ್ದ ರಸ್ಕು ಷೇರು ಎದ್ದು ಕೂತಿತು. ಒಂಬತ್ತು, ಒಂಬತ್ತೂವರೆ, ಹತ್ತೂಕಾಲು! ಡೌವೆ ಶಾಸ್ತ್ರೋಕ್ತವಾಗಿ ಗೆರೆ ಎಳೆದು, ಇದು ಅಪ್ಪಟ ಏರಿಕೆಯೆಂದು ತೀರ್ಪು ಕೊಟ್ಟು, ಕಾರವಾನಿನ ದುಡ್ಡಷ್ಟನ್ನೂ ಸುರಿದ. ಊಟ ಮುಗಿಸಿ ಬಂದು ನೋಡಿದರೆ ಬೆಲೆ ಆರಕ್ಕೆ ಇಳಿದಿತ್ತು.

ಬಿಳುಚಿದ ಮುಖ ಹೊತ್ತು ಅಡುಗೆಮನೆಗೆ ಬಂದ. “ಯಾರೋ ಬೇಕಂತಲೇ ಏರಿಸಿದ್ದಾರೆ ಕಣೆ! ಆಮ್‌ಸ್ಟರ್‌ಡ್ಯಾಮಿನ ಯಾವನೋ ಭಾರೀ ಕುಳ!”

“ಭಾರೀ ಕುಳ ಅಲ್ಲ ಮಾರಾಯ, ಚಿಕ್ಕಮ್ಮಂದಿರು. ಗಟ್ಟಿ ಮಾಲು ಅಂದ್ಯಲ್ಲ, ಎಲ್ಲರೂ ಕೊಂಡ್ರು. ಅದಕ್ಕೇ ಏರಿದ್ದು.”

“ಮತ್ತೆ ಇಳಿಸಿದ್ದು?”

“ಅಜ್ಜ ಬಿಟ್ಟುಹೋದ ರಸ್ಕು ಷೇರು ನನ್ನ ಹತ್ರ ಇತ್ತಲ್ಲ, ಅಷ್ಟೂ ಮಾರಿದೆ. ಚಿಕ್ಕಮ್ಮಂದಿರಿಗೂ ಫೋನ್ ಮಾಡಿ ಮಾರಿಸಿದೆ.”

“ಅದು ಹುಸಿ ಏರಿಕೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

“ದಡ್ಡರು ಓಡಿ ಬರ್ತಾರೆ ಅಂತ ನೀನೇ ಹೇಳಿದ್ಯಲ್ಲ. ನೀನು ಲ್ಯಾಪ್‌ಟಾಪ್ ಕಡೆ ಓಡಿದ್ದು ನೋಡಿದೆ.”

ಅಜ್ಜನ ಷೇರು ಮಾರಿದ ದುಡ್ಡಿನಲ್ಲಿ ಕಾರವಾನ್ ಬಂತು, ರೆನ್ಸ್ಕೆಯ ಹೆಸರಿನಲ್ಲಿ. ಮರುತಿಂಗಳು ಅವಳ ಹುಟ್ಟುಹಬ್ಬ. ಹುಟ್ಟುಹಬ್ಬ ಇರುವವರಿಗಷ್ಟೇ ಅಲ್ಲದೆ ಅವರ ಗಂಡನಿಗೂ ಕೈಕುಲುಕಿ ಶುಭ ಹೇಳುವುದು ನಮ್ಮ ಹಾರ್ಲಿಂಗೆನ್ ಕಡೆಯ ವಾಡಿಕೆ. ಹಿಲ್ಲೆ ಚಿಕ್ಕಮ್ಮ ಡೌವೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಇಂಥ ಹೆಂಡ್ತಿ ಸಿಕ್ಕಿದ್ದಕ್ಕೆ ಅಭಿನಂದನೆ ಕಣಪ್ಪಾ!”

ಉಳಿದ ಚಿಕ್ಕಮ್ಮಂದಿರೂ ಸಾಲಾಗಿ ಬಂದು ಅದನ್ನೇ ಹೇಳಿದರು. ಡೌವೆ ಕೇಕಿನ ತುಂಡು ಹಿಡಿದು ಕೂತೇ ಇದ್ದ. ಮಧ್ಯದಲ್ಲಿ ಎದ್ದು ಹೋಗುವ ಹಾಗಿರಲಿಲ್ಲ.