ಚುರಮುರಿ ಬಡಿಸುವ ಕಂಪ್ಯೂಟರ್

ಗುರುವಾದವನು ಶಿಷ್ಯರಿಗಿಂತ ಒಂದು ಪಾಠವಾದರೂ ಮುಂದಿರಬೇಕೆಂದು ಎಲ್ಲರೂ ನಂಬಿದ್ದಾರೆ. ನಾನು ಹಿಂದೆ ಇದ್ದುಕೊಂಡೇ ಗುರುವಾದವನು. ಕುಲಗೋಡದಿಂದ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದೆ. ಕಲಿತದ್ದರಲ್ಲಿ ಅರ್ಧವನ್ನು ವಾಪಸು ಬರುವ ಬಸ್ಸಿನಲ್ಲೇ ನಿದ್ದೆ ಹೊಡೆದು ಕಳೆದುಕೊಂಡು, ಉಳಿದರ್ಧವನ್ನು ರವಿವಾರ ಊರಿನ ಮಕ್ಕಳಿಗೆ ಪುಕ್ಕಟೆ ಹಂಚುತ್ತಿದ್ದೆ. ಈ ಉಪಕಾರದ ವಿಚಾರ ಹೊಳೆದದ್ದು ಗೆಳೆಯ ಅಜಿತನಿಗೆ. ಹುಕ್ಕೇರಿಯಲ್ಲಿ ಯಾರೋ ಮೂಲೆಗೆ ಒಗೆದಿದ್ದ ಕಂಪ್ಯೂಟರನ್ನು ಬೇಡಿಕೊಂಡು, ಬಸ್ಸಿನ ಸೀಟಿನಲ್ಲಿ ಅದನ್ನು ಕೂರಿಸಿ, ತಾನು ಬಾಜೂಕ್ಕೆ ನಿಂತು ತಂದ ಭೂಪ ಅವನು. ಅವರಪ್ಪನ ಕಿರಾಣಿ ಅಂಗಡಿಯ ಅಟ್ಟವೇ ನಮ್ಮ ಶಾಲೆ. ಸುತ್ತ ಮೆಣಸಿನಕಾಯಿ ಚೀಲಗಳಿದ್ದುದರಿಂದ ಮೊದಲ ದಿನ ಎಲ್ಲರೂ ತಪ್ಪಿಲ್ಲದೆ ಕಲಿತದ್ದು ಸೀನುವುದನ್ನು.

ಬರುವವರು ಹೆಚ್ಚಾಗಿ ಹೊಲದ ಕೂಲಿಗೆ ಹೋಗುವವರ ಮಕ್ಕಳು. ಅವರಲ್ಲಿ ಕಸ್ತೂರಿ ಎಂಬ ಹುಡುಗಿ ಬಲು ಚುರುಕು. ಆಕೆ "ಸರ್, ಹಿಂಗ್ಯಾಕ?" ಎಂದಾಗಲೆಲ್ಲ ನನಗೆ ನೀರಡಿಕೆಯಾಗಿ ಕೆಳಗಿಳಿದು ಹೋಗಬೇಕಾಗುತ್ತಿತ್ತು. ಆಕೆಯನ್ನು ಬಿಡಿಸಬೇಕೆಂದು ಅವಳವ್ವ ಗಂಗವ್ವನ ಹಟ. "ರವಿವಾರ ನನ್ನ ಜೋಡಿ ಕಳೆ ತೆಗಿಯಾಕ ಬಂದ್ರ ಮನಿಗಿ ಆಸರಾಗತೈತ್ರಿ. ಅಲ್ಲಿ ಕುಂತು ಏನ್ ಕಲೀತಾಳು? ಬಂದು ಕಣ್ಣಾರೆ ನೋಡಿ ಹೇಳ್ತೇನಿ" ಎಂದಿದ್ದರು.

ಹೇಳಿದಂತೆ ಬಂದರು. ಗಂಗವ್ವ ಅಟ್ಟ ಹತ್ತಿದರು, ಕರೆಂಟು ಇಳಿಯಿತು.

ಕರೆಂಟು ಹೋದರೆ ನಮ್ಮಲ್ಲೊಂದು ಪದ್ಧತಿ. ಒಬ್ಬರು ಕಂಪ್ಯೂಟರ್ ಆಗಬೇಕು, ಹಲಗೆಯ ಮೇಲೆ ಬರೆದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಬಳಸಬಾರದು. "ನೀನ ಆಗಲೇ, ನಿನಗ ಹಗುರ ಆಗತೈತಿ" ಎಂದ ಅಜಿತ ನನಗೆ. ಅವನ ಮನೆಯಿಂದ ಒಗ್ಗರಣೆ ಚುರಮುರಿಯ ಬುಟ್ಟಿ ಬಂದಿತ್ತು. ನಾನು ಹಲಗೆಯ ಮೇಲೆ ಪ್ರೋಗ್ರಾಮು ಬರೆದೆ: ಅತಿಥಿಯನ್ನು ಕೇಳು. ಬೇಡ ಎಂದರೆ ನಿಲ್ಲು. ಇಲ್ಲದಿದ್ದರೆ ಒಂದು ಮುಷ್ಟಿ ಹಾಕು. ಮತ್ತೆ ಕೇಳು.

ಗಂಗವ್ವನ ಮುಂದೆ ತಾಟು ಇಟ್ಟು, ಕಬ್ಬಿಣದ ದನಿ ಮಾಡಿ ಕೇಳಿದೆ: "ಚುರಮುರಿ ಹಾಕಲೇ?"

"ಏ, ಬ್ಯಾಡ್ರಿ ಮಾಸ್ತರ, ಈಗರ ಉಂಡ ಬಂದೇನಿ."

ನಮ್ಮ ಕಡೆ ಇದರ ಅರ್ಥ ಹಾಕು, ಕೈ ಬಿಗಿ ಹಿಡಿಯಬೇಡ ಎಂದು. ತೊಟ್ಟಿಲ ಕೂಸಿಗೂ ಇದು ಗೊತ್ತು. ಆದರೆ ನಾನು ಕಂಪ್ಯೂಟರ್. ಬುಟ್ಟಿ ಎತ್ತಿಕೊಂಡು ಗೋಡೆ ಕಡೆ ಮುಖ ಮಾಡಿ ನಿಂತುಬಿಟ್ಟೆ. ಅಜಿತ ಪಕ್ಕಕ್ಕೆ ಬಂದು ಕೈಸನ್ನೆ ಮಾಡಿದ. ಅಭಿನಯ ಮೆಚ್ಚಿದ ಎಂದುಕೊಂಡು ಇನ್ನಷ್ಟು ಸೆಟೆದು ನಿಂತೆ.

ಗಂಗವ್ವ ಸೆರಗು ಕೊಡವಿ ಎದ್ದರು. "ನಡಿ ಕಸ್ತೂರಿ. ಖಾಲಿ ತಾಟ ಮುಂದಿಟ್ಟು ಬುಟ್ಟಿ ಎತಗೊಂಡ ಹೋಗೂದ ಕಲಸ್ತಾರೇನ ಇಲ್ಲಿ? ಇನ್ನ ಮ್ಯಾಲೆ ಬರೂದ ಬ್ಯಾಡ."

"ಯವ್ವಾ, ತಡಿ. ಸರ್‌ದು ತಪ್ಪಿಲ್ಲ. ಅವರು ಬರದಂಗ ಮಾಡ್ಯಾರ. ಬರದದ್ದ ತಪ್ಪೈತಿ."

"ಬರದಾಂವನೂ ಅಂವನ" ಎಂದ ಅಜಿತ, ನನ್ನ ಪರವಾಗಿ.

ಕಸ್ತೂರಿ ಒದ್ದೆಗಣ್ಣಲ್ಲೇ ಹಲಗೆಯತ್ತ ಹೋದಳು. ನನ್ನ ಅಕ್ಷರ ಒರೆಸಿ ಬರೆದಳು: ಬೇಡ ಎಂದರೆ ಲೆಕ್ಕಕ್ಕೆ ಹಿಡಿಯಬೇಡ. ಹಾಕುತ್ತಲೇ ಇರು. ತಾಟಿನ ಮೇಲೆ ಎರಡೂ ಕೈ ಅಡ್ಡ ಇರುವಷ್ಟು ಹೊತ್ತು ನಿಲ್ಲು. "ಈಗ ಹಾಕ್ರಿ ಸರ್. ಯವ್ವಾ, ಒಂದ ಗಳಿಗಿ ಕುಂದರು."

ಮಗಳ ಮುಖ ನೋಡಿ ಗಂಗವ್ವ ಕೂತರು. ಸಿಟ್ಟಿಗೆ ಕೈ ಕಟ್ಟಿಕೊಂಡೇ ಕೂತರು. ನಾನು ಹಾಕಿದೆ. "ಬ್ಯಾಡ" ಎಂದರು, ಹಾಕಿದೆ. "ಬ್ಯಾಡ ಅಂದ್ನೆಲ್ಲ!" ಎಂದರು, ಹಾಕಿದೆ. ತಾಟು ತುಂಬಿ ಗುಡ್ಡವಾಗಿ ಮಡಿಲಿಗೆ ಚೆಲ್ಲಿತು. ಒಂದು ಕೈ ಅಡ್ಡ ಹಿಡಿದರು, ಕೈ ಮೇಲೇ ಹಾಕಿದೆ. "ಎರಡೂ ಕೈ, ಯವ್ವಾ!" ಎಂದು ಮಕ್ಕಳೆಲ್ಲ ಕೂಗಿದರು. ಎರಡೂ ಕೈ ಬಂದವು. ನಾನು ಮುಷ್ಟಿ ಎತ್ತಿದಲ್ಲೇ ಕಲ್ಲಾದೆ. ಗಂಗವ್ವ ಮೆಲ್ಲಗೆ ಕೈ ತೆಗೆದರು, ಸುರಿದೆ. ಫಟ್ಟನೆ ಮುಚ್ಚಿದರು, ನಿಂತೆ. ಮತ್ತೆ ತೆಗೆದರು. ಹೀಗೆ ಅವರು ಆಡಿಸಿ ಆಡಿಸಿ ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನನ್ನ ಭುಜ ಬಿದ್ದುಹೋಗಿತ್ತು.

"ಕಲೀಲಿ ಬಿಡ್ರಿ" ಎಂದರು ಕೊನೆಗೆ. "ಬುದ್ಧಿ ಇಲ್ಲದಾಂವನ ಕಡಿಂದ ಹಿಂಗ ಕೆಲಸಾ ತಗಿಯೂದು ಹೆಣ್ಣಮಕ್ಕಳಿಗೆ ಎಲ್ಲಿ ಹೋದ್ರೂ ಬೇಕಾಗತೈತಿ. ರವಿವಾರದ ಕಳೆ ನಾ ಒಬ್ಬಾಕೀನ ತೆಗಿತೇನಿ."

ಮುಂದೆ ಸಣ್ಣ ಮಕ್ಕಳಿಗೆ ಕಸ್ತೂರಿಯೇ ಪಾಠ ಹೇಳತೊಡಗಿದಳು. ಮೂಡಲಗಿಯಿಂದಲೂ ಹುಡುಗಿಯರು ಬಂದು ಅಟ್ಟ ಹತ್ತಿದರು. ನನಗೆ ಬಾರದ್ದನ್ನು ಆಕೆ ಅವರಿಗೆ ಎಷ್ಟು ಸಲೀಸಾಗಿ ತಿಳಿಸುತ್ತಿದ್ದಳೆಂದರೆ, ನಾನೂ ಹಿಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದೆ. ಗಂಗವ್ವ ಬಂದಿದ್ದ ಆ ದಿನ ಮಾತ್ರ, ಕರೆಂಟು ಬಂದೊಡನೆ ಪಾರಾದೆನೆಂದು ಬುಟ್ಟಿ ಇಳಿಸಲು ಹೋದೆ. ಮಕ್ಕಳು ಬಿಡಲಿಲ್ಲ.

"ನೀವ ಇರ್ರಿ ಸರ್" ಎಂದಳು ಕಸ್ತೂರಿ, ಬಲು ಗೌರವದಿಂದ. "ಆ ಡಬ್ಬಿ ಚಾಲೂ ಆಗಾಕ ಭಾಳ ಹೊತ್ತ ಹಿಡಿತೈತಿ. ನೀವ ಭಾಳ ಲಗೂನ ತಪ್ಪ ಮಾಡ್ತೀರಿ."

ಹೊಗಳಿಕೆ ಎಂದುಕೊಂಡು ನಿಂತೆ.