ಅತ್ತೆಯ ಬ್ಯೂಗಲ್ ಹಲ್ಲು

ನಮ್ಮ ಸೋದರತ್ತೆ ಹೊಸಬರನ್ನು ಕಂಡರೆ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾಳೆ! ಉಂಗುರ ನೋಡುತ್ತಾಳೆಂದು ತಪ್ಪು ತಿಳಿಯಬೇಡಿ. ಸುಮ್ಮನೆ ಕೂತಾಗ ಆ ಬೆರಳು ಮೇಜಿನ ಮೇಲೋ ಮಂಡಿಯ ಮೇಲೋ ತಾಳ ಹಾಕುತ್ತದೆಯೇ, ಹಾಕಿದರೆ ಅದು ಭಜನೆಯದೋ ಬ್ಯಾಂಡ್ ಸೆಟ್ಟಿನದೋ ಎಂಬುದಷ್ಟೇ ಅವಳಿಗೆ ಬೇಕು. ಬ್ಯಾಂಡ್ ಸೆಟ್ ಅಂದರೆ ಮದುವೆ ಮೆರವಣಿಗೆಯದಲ್ಲ, ಶಾಲೆಯದು. ಆಗಸ್ಟ್ ಹದಿನೈದಕ್ಕೆ ಮಕ್ಕಳ ಸಾಲಿನ ಮುಂದೆ ಡ್ರಮ್ಮು, ಬ್ಯೂಗಲ್ಲು ಹಿಡಿದು ಊರು ಸುತ್ತುತ್ತಿತ್ತಲ್ಲ, ಅದು.

ಚನ್ನರಾಯಪಟ್ಟಣದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಎದುರು ಪಂಕ್ತಿಯಲ್ಲಿ ಯಾರೋ ಹಿರಿಯರು ಸಾರು ಬರುವವರೆಗೆ ಬಾಳೆಲೆಯ ಪಕ್ಕ ಬೆರಳಾಡಿಸುತ್ತಿದ್ದರು. ಅತ್ತೆ ಅರ್ಧ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋಗಿ, “ಸೈಡ್ ಡ್ರಮ್ಮಾ ಸಾ?” ಎಂದು ಕೇಳಿಯೇಬಿಟ್ಟಳು. ಅವರು ಬೆಚ್ಚಿ, ಹೌದು, ನುಗ್ಗೇಹಳ್ಳಿ ಶಾಲೆಯಲ್ಲಿದ್ದಾಗ ಬಡಿಯುತ್ತಿದ್ದೆ ಎಂದರು. ಅವರ ಬ್ಯಾಂಡಿಗೆ ಬ್ಯೂಗಲ್ಲೇ ಇರಲಿಲ್ಲವಂತೆ. ಒಬ್ಬ ಹುಡುಗ ಎರಡೂ ಕೈ ಬಾಯಿಗೆ ಕೊಟ್ಟು ಬ್ಯೂಗಲ್ಲಿನ ಹಾಗೇ ಕೂಗುತ್ತಿದ್ದನಂತೆ. ಅತ್ತೆ ಎಂಜಲು ಕೈ ಒಣಗಿದರೂ ಅವರ ಪಕ್ಕದಿಂದ ಕದಲಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಹೆಣ್ಣು ಹೇಗಿದ್ದಾಳೆ ಎಂದು ನಾನು ಕೇಳಿದರೆ, “ಯಾವ ಹೆಣ್ಣು?” ಅಂದಳು.

ಹೀಗೆ ಸುತ್ತಮುತ್ತಲಿನ ಬ್ಯಾಂಡ್ ಸೆಟ್ಟುಗಳೆಲ್ಲ ಅವಳ ತಲೆಯಲ್ಲಿ ಸೇರಿಕೊಂಡಿವೆ. ಮಲ್ಲಿಪಟ್ಟಣದ ಕಡೆಯ ಒಂದು ಶಾಲೆಯಲ್ಲಿ ಇದ್ದುದೇ ಒಂದು ದೊಡ್ಡ ಡ್ರಮ್ಮಂತೆ. ಇಬ್ಬರು ಹೊರುವುದು, ಮೂರನೆಯವನು ಬಡಿಯುವುದು. ಹೊರುತ್ತಿದ್ದವರಲ್ಲಿ ಒಬ್ಬನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ, ಇನ್ನೊಬ್ಬನಿಗೆ ಬಲಗಿವಿ. ಇದನ್ನು ಹೇಳುವಾಗ ಅತ್ತೆಗೆ ನಗು ತಡೆಯಲಾಗುವುದಿಲ್ಲ.

ಇದೆಲ್ಲ ಯಾಕತ್ತೆ, ಹಾಸನದ ಸ್ಟೇಡಿಯಂಗೆ ಬಾ, ಗರಿ ಟೋಪಿ, ಜರಿ ಪಟ್ಟಿಯ ಒಳ್ಳೊಳ್ಳೆ ಬ್ಯಾಂಡು ತೋರಿಸುತ್ತೇನೆ ಎಂದೆ ಒಮ್ಮೆ.

“ಅವನ್ನ ನೆಪ್ಪಿಟ್ಕಳಕ್ಕೆ ಹಾಸನಕ್ಕೆ ಹಾಸನವೇ ಅದೆ ಕಣಮ್ಮಿ. ಇವಕ್ಕೆ ಯಾರವ್ರೆ?” ಅಂದಳು.

ಅವಳೂ ಅಂಥದ್ದೊಂದು ಬ್ಯಾಂಡಿನವಳು. ಹಳ್ಳಿಮೈಸೂರಿನಿಂದ ಒಳಗೆ ಹೋದರೆ ಸಿಗುವ ನಮ್ಮೂರಿನ ಶಾಲೆಯಲ್ಲಿ ಹೆಣ್ಣುಮಕ್ಕಳದೇ ಒಂದು ಬ್ಯಾಂಡ್ ಸೆಟ್ ಇತ್ತಂತೆ. ‘ಅಂತೆ’ ಎನ್ನಬೇಕು, ಯಾಕೆಂದರೆ ಊರಲ್ಲಿ ಇನ್ಯಾರಿಗೂ ಅದು ನೆನಪಿಲ್ಲ. ಮಳೆಗೆ ಡ್ರಮ್ಮಿನ ಚರ್ಮ ಸಡಿಲವಾದರೆ ತೆಂಗಿನ ಗರಿ ಉರಿಸಿ ಕಾಯಿಸುತ್ತಿದ್ದುದನ್ನು ಅತ್ತೆ ಹೇಳುತ್ತಾಳೆ. ಊರಿನ ಹಿರಿಯರನ್ನು ಕೇಳಿದರೆ ಅಂಥದ್ದೇನೂ ಇರಲಿಲ್ಲ ಅನ್ನುತ್ತಾರೆ. ಅವಳಿಗಿಂತ ಚಿಕ್ಕವರಾದ ನಮ್ಮಪ್ಪನೂ ಅದನ್ನೇ ಅನ್ನುತ್ತಾರೆ!

ಹೋದ ವರ್ಷ ಅತ್ತೆಯ ಮುಂದಿನ ಹಲ್ಲುಗಳು ಬಿದ್ದವು. ಹಾಸನದ ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು, ತಿನ್ನುವುದಕ್ಕೆ ಯಾವುದು ಕಷ್ಟವಾಗುತ್ತದಮ್ಮ ಎಂದು ಕೇಳಿದರು.

“ತಿನ್ನಕ್ಕೇನೂ ಇಲ್ಲ ಸಾ, ಮುದ್ದೆ ನುಂಗಕ್ಕೆ ಹಲ್ಲ್ಯಾಕೆ? ಇದಕ್ಕೆ ಬೇಕಾಗಿತ್ತು,” ಎಂದು ಚೀಲದಿಂದ ಹೊಸ ಬ್ಯೂಗಲ್ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಯಾವಾಗ ಕೊಂಡಿದ್ದಳೋ ನನಗೂ ಗೊತ್ತಿರಲಿಲ್ಲ. ಆ ಪುಣ್ಯಾತ್ಮರು ನಗಲಿಲ್ಲ. ಬ್ಯೂಗಲ್ಲಿನ ಬಾಯನ್ನು ತಿರುಗಿಸಿ ತಿರುಗಿಸಿ ನೋಡಿ ಅಳತೆ ತೆಗೆದುಕೊಂಡರು. ಹಲ್ಲು ಕಟ್ಟಿಸಿಕೊಂಡ ದಿನ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತು ಒಂದು ಸಲ ಊದಿದಳು ನೋಡಿ! ಹಲ್ಲುನೋವೆಂದು ದವಡೆ ಹಿಡಿದು ಕೂತಿದ್ದ ಒಬ್ಬರು ನೋವು ಹೋಯಿತೆಂದು ಎದ್ದು ಮನೆಗೇ ಹೋದರು.

ಆಮೇಲೆ ಬೆಳಗೂ ಬೈಗೂ ಅಭ್ಯಾಸ. ಅತ್ತೆಯ ಜೊತೆ ನಮ್ಮ ಮನೆಯಲ್ಲೇ ಇರುವ ಮಾವ ಕಿವಿಯ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಬ್ಯೂಗಲ್ಲಿನ ದನಿ ಅರಕಲಗೂಡು ಬಸ್ಸಿನ ಹಾರನ್ನನ್ನು ಎಷ್ಟು ಹೋಲುತ್ತಿತ್ತೆಂದರೆ, ಒಂದು ದಿನ ಬೀದಿ ಕೊನೆಯಲ್ಲಿ ಕಾಯುತ್ತಿದ್ದ ಹೆಂಗಸರು ಬಸ್ಸು ಬಂತೆಂದು ಬ್ಯಾಗು ಹೊತ್ತು ನಮ್ಮ ಮನೆ ಬಾಗಿಲವರೆಗೂ ಓಡಿಬಂದಿದ್ದರು.

ಆ ಸದ್ದು ಶಾಲೆಯವರೆಗೂ ಹೋಯಿತು. ಹೊಸದಾಗಿ ಬಂದಿದ್ದ ಮುಖ್ಯ ಶಿಕ್ಷಕಿ ಮನೆಗೇ ಬಂದು, ಈ ಸಲ ಸ್ವಾತಂತ್ರ್ಯ ದಿನಕ್ಕೆ ನಿಮ್ಮ ಬ್ಯಾಂಡಿನ ಬಗ್ಗೆ ಮಕ್ಕಳಿಗೆ ಹೇಳಿ, ಒಂದು ಫೋಟೋ ಇದ್ದರೆ ತನ್ನಿ ಎಂದರು. ಫೋಟೋ ಎಲ್ಲಿಂದ ತರುವುದು? ಅತ್ತೆ ಯೋಚಿಸಿ, ತನ್ನ ಜೊತೆ ಬ್ಯೂಗಲ್ ಊದುತ್ತಿದ್ದ ಗೆಳತಿಯೊಬ್ಬಳಿದ್ದಾಳೆ, ನರ್ಸಾಗಿದ್ದು ರಿಟೈರಾಗಿ ಅರಕಲಗೂಡಿನಲ್ಲಿದ್ದಾಳಂತೆ, ಅವಳನ್ನೇ ಕರೆತರುತ್ತೇನೆ ಎಂದಳು.

ನನ್ನ ಸ್ಕೂಟರಿನಲ್ಲೇ ಹೊರಟೆವು. ಅರಕಲಗೂಡಿನ ಆ ಮನೆಯ ಗೇಟಿನ ಮುಂದೆ ನಿಂತು ಅತ್ತೆ ಸೆರಗು ಸರಿಮಾಡಿಕೊಂಡಳು, ಮತ್ತೆ ಸರಿಮಾಡಿಕೊಂಡಳು. ಚಿಲಕ ನಾನೇ ತೆಗೆದೆ. ಗೆಳತಿ ಎತ್ತರದ, ಗಂಭೀರ ಹೆಂಗಸು. ಶಾಲೆ ಬಿಟ್ಟ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲವಂತೆ. ಕಾಫಿ ಕೊಟ್ಟರು, ಅತ್ತೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬರುತ್ತೇನೆ ಎನ್ನಲಿಲ್ಲ. “ನೋಡನ,” ಎಂದಷ್ಟೇ ಅಂದರು.

ಆ ದಿನ ಬಂತು. ಗೆಳತಿಯ ಸುಳಿವಿರಲಿಲ್ಲ. ಬಾವುಟ ಏರಿದ ಮೇಲೆ ಮುಖ್ಯ ಶಿಕ್ಷಕಿ ಅತ್ತೆಯನ್ನು ಕರೆದರು. ಅತ್ತೆ ಮಾತಾಡುವ ಬದಲು ನೇರವಾಗಿ ಬ್ಯೂಗಲ್ ಎತ್ತಿದಳು. ಉಸಿರೇನೋ ಬಂತು, ಸ್ವರ ಬರಲಿಲ್ಲ. ಮತ್ತೆ ಊದಿದಳು. ಹಲ್ಲಿನ ಸೆಟ್ಟು ಕಡಕಡ ಎಂದಿತು. ಮಕ್ಕಳು ಕಿಸಕ್ಕೆಂದರು. ಜಗಲಿಯ ಕಡೆಯಿಂದ ಊರಿನ ಹಿರಿಯರೊಬ್ಬರು, ಇಲ್ಲದ ಬ್ಯಾಂಡು ಎಲ್ಲಿಂದ ಮೊಳಗೀತು ಎಂದರು. ಅಷ್ಟು ಹೊತ್ತಿಗೆ ಸಾಲಿನ ಹಿಂದಿನಿಂದ ಆ ಎತ್ತರದ ಹೆಂಗಸು ನಡೆದುಬಂದು ಅತ್ತೆಯ ಮುಂದೆ ಕೈ ಚಾಚಿದರು. ಅತ್ತೆ ಗಡಿಬಿಡಿಯಲ್ಲಿ ಸೆರಗಿನ ತುದಿಯಿಂದ ಬ್ಯೂಗಲ್ಲಿನ ಬಾಯಿ ಒರೆಸಲು ಹೋದಳು.

“ವರಸ್ಬ್ಯಾಡ ಕಣೆ, ಅಂಗೇ ಕೊಡು,” ಅಂದರು ಅವರು.

ಊದಿದರು. ಏನು ಹೇಳಲಿ! ಶಾಲೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಮಕ್ಕಳು ಯಾರೂ ಹೇಳದೆಯೇ ನೆಟ್ಟಗೆ ನಿಂತರು. ಜಗಲಿಯ ಹಿರಿಯರು ತಲೆ ತಗ್ಗಿಸಿದರು.

ಆಮೇಲೆ ಉಪ್ಪಿಟ್ಟು ತಿನ್ನುವಾಗ ಆ ಗೆಳತಿ ನನಗೆ ಹೇಳಿದರು. ಅವರದು ಊರಾಚೆಯ ಕೇರಿ. ಬ್ಯಾಂಡಿಗೆ ಇದ್ದುದು ಒಂದೇ ಬ್ಯೂಗಲ್, ಊದುವವರು ಇವರಿಬ್ಬರು. ಕೇರಿಯ ಹುಡುಗಿ ಬಾಯಿಟ್ಟದ್ದಕ್ಕೆ ನನ್ನ ಮಗಳು ಬಾಯಿಡಬಾರದು ಎಂದು ನಮ್ಮಜ್ಜಿ ಮೇಷ್ಟ್ರಿಗೆ ಹೇಳಿ ಕಳಿಸಿದ್ದರು. ಮುಂದಿನ ಮೆರವಣಿಗೆ ನಮ್ಮ ಮನೆಯ ಮುಂದೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಗೆಳತಿಯ ಕೈಯಿಂದ ಬ್ಯೂಗಲ್ ತೆಗೆದುಕೊಂಡು, ಒರೆಸದೆ ಬಾಯಿಗಿಟ್ಟು ಊದಿ, ಮತ್ತೆ ಅವರ ಕೈಗೇ ಕೊಟ್ಟಳು. ಬ್ಯಾಂಡ್ ಸೆಟ್ಟಿಗೆ ಬೀಗ ಬಿದ್ದದ್ದು ಅದಾದ ಮೇಲೆ. ಊರು ಅದನ್ನು ಮರೆಯಲು ಶುರುಮಾಡಿದ್ದೂ ಆವಾಗಲೇ.

ನಾನು ಅತ್ತೆಯ ಕಡೆ ನೋಡಿದೆ. ಉಪ್ಪಿಟ್ಟಿನ ತಟ್ಟೆ ಹಾಗೇ ಇತ್ತು.

“ನನ್ನಿಂದ ನಿನ್ನ ಬ್ಯೂಗಲ್ಲು ಓಯ್ತಲ್ಲಾ ಅಂತ, ನಿನ್ ತಾವ್ಕೆ ಬರಕ್ಕೇ ಮಕ ಇರ್ನಿಲ್ಲ ಕಣೆ ನಂಗೆ,” ಅಂದಳು ಅತ್ತೆ.

ಗೆಳತಿ ಹೊರಗೆ ನೋಡಿದರು. ಅಂಗಳದಲ್ಲಿ ಹುಡುಗಿಯರ ಗುಂಪೊಂದು ಮೇಜಿನ ಮೇಲಿದ್ದ ಬ್ಯೂಗಲ್ಲಿನ ಸುತ್ತ ನಿಂತು, ಮೊದಲು ನಾನು, ಮೊದಲು ನಾನು ಎಂದು ಜಗಳವಾಡುತ್ತಿತ್ತು. ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಅದು ಹೋಗುತ್ತಲೇ ಇತ್ತು.

“ತಿನ್ನು ಬೇಗ,” ಎಂದರು ಗೆಳತಿ, ಅತ್ತೆಯ ಕೈಗೆ ತಟ್ಟೆ ಕೊಡುತ್ತಾ. “ಯಾವೋಳ್ಗೂ ತುಟಿ ಇಡಕ್ಕೇ ಬತ್ತಿಲ್ಲ. ಓಗಿ ಏಳ್ಕೊಡನ.”